ಎರಡು ತಿರುಪು, ನಾಲ್ಕು ತಿರುಪು

ಬಿಷ್ಕೆಕ್‌ನ ಓಶ್ ಬಜಾರಿನ ಹಿಂದೆ,
ಕುದುರೆ ಜೀನು ಹೊಲಿಯುವವನ ಪಕ್ಕ ನನ್ನ ನೆಲಮಾಳಿಗೆ.
ಆರು ಮೆಟ್ಟಿಲು ಇಳಿದು ತಲೆ ತಗ್ಗಿಸಬೇಕು.
ತಗ್ಗಿಸದವರಿಗೆ ತೊಲೆಯೇ ಬುದ್ಧಿ ಹೇಳುತ್ತದೆ.
ಹೆಸರು ತೊಕ್ತೊಸುನ್. ‘ಇವನಾದರೂ ಉಳಿಯಲಿ’ ಎಂದರ್ಥ,
ಅಣ್ಣಂದಿರಿಬ್ಬರು ಉಳಿಯದೆ ಹೋದ ಮೇಲೆ ಇಟ್ಟದ್ದು.
ಹಿತ್ತಾಳೆಯ ಮೇಲೆ ಹೆಸರು ಕೆತ್ತುತ್ತೇನೆ:
ಹಲ್ಲಿನ ಡಾಕ್ಟರದು, ವಕೀಲರದು, ಸತ್ತವರದು,
ಚೌಕದಾಚೆಯ ಬಿಳಿ ಕಟ್ಟಡದ ಬಾಗಿಲುಗಳದು.

ಮೊದಲಿದ್ದದ್ದು ಅಧ್ಯಕ್ಷರ ಕಾಲ.
ಬೆರಳು ದಪ್ಪದ ಫಲಕ, ಮೂಲೆಗೊಂದರಂತೆ ನಾಲ್ಕು ತಿರುಪು,
ಗೋಡೆಯೊಳಗೆ ಗೇಣುದ್ದ ಇಳಿಯಬೇಕೆಂದು ಆಜ್ಞೆ.
ಹಾಕಿ ಬಂದೆನೆಂದರೆ ವರ್ಷಗಟ್ಟಲೆ ಅಲ್ಲಿ ಕೆಲಸವಿಲ್ಲ.
ಹೆಸರಿನ ಹಿಂದೆ ಬಿರುದೊಂದು ಸೇರಿದಾಗ
ಅಕ್ಷರ ಸಣ್ಣದು ಮಾಡಲೇ ಎಂದು ಕೇಳಿದೆ.
‘ಫಲಕ ದೊಡ್ಡದು ಮಾಡು’ ಅಂದರು.

ಆಮೇಲೆ ಸಂಸತ್ತಿನ ಕಾಲ.
ಅಧ್ಯಕ್ಷರೊಬ್ಬರು ಇದ್ದೇ ಇದ್ದರು, ಮಾತು ಮಾತ್ರ ಸದನದ್ದು.
‘ಪ್ರಧಾನಿ’ ಎಂಬ ಪದಕ್ಕೊಂದು ಅಚ್ಚು ಮಾಡಿಟ್ಟುಕೊಂಡೆ,
ಕೆಳಗೆ ಹೆಸರಿಗೆ ಖಾಲಿ ಜಾಗ.
ತೆಳು ತಗಡು, ಎರಡೇ ತಿರುಪು.
ಯಾರೂ ಹೇಳಿದ್ದಲ್ಲ, ನಾನೇ ಹಾಕಿದ ಲೆಕ್ಕ.
ವಸಂತದಲ್ಲಿ ಕೂರಿಸಿದ್ದನ್ನು ಹಿಮ ಬೀಳುವ ಮೊದಲು ಬಿಚ್ಚಿದೆ.
ಒಬ್ಬರದಂತೂ ಬಣ್ಣವೇ ಆರಿರಲಿಲ್ಲ;
ಅವರ ಮೊದಲಕ್ಷರ ನನ್ನ ಹೆಬ್ಬೆರಳಿಗೆ ಅಂಟಿ
ಸಂಜೆ ರೊಟ್ಟಿಯ ಮೇಲೆ ಮೂಡಿತು.

ಮಗಳು ಐಜಾನ ಕಾನೂನು ಓದುತ್ತಾಳೆ.
‘ಅಪ್ಪಾ, ಪ್ರಧಾನಿಯನ್ನು ಏರಿಸುವುದೂ ಸದನ, ಇಳಿಸುವುದೂ ಸದನ.
ಅಧ್ಯಕ್ಷನನ್ನು ದೇಶವೇ ಆರಿಸುತ್ತದೆ,
ಅವಧಿ ಮುಗಿಯುವ ತನಕ ಅಲುಗಿಸುವುದು ಕಷ್ಟ.’
ಅಂದರೆ, ಅಂದೆ ನಾನು, ಎಲ್ಲರೂ ಕೈ ಎತ್ತಿ ಕೂರಿಸುತ್ತಾರೆ,
ಒಂದು ದಿನ ಎಲ್ಲರೂ ಕೈ ಎತ್ತಿಬಿಡುತ್ತಾರೆ. ಅಷ್ಟೇ ತಾನೆ?
ಅವಳು ನಕ್ಕು ಏಪ್ರಿಕಾಟ್ ಜಾಮನ್ನು ನನ್ನತ್ತ ತಳ್ಳಿದಳು.

ನನಗೆ ತಿಳಿಯುವುದು ತಿರುಪಿನ ಭಾಷೆ.
ಎರಡು ತಿರುಪಿನವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು:
ಹಾಕಲು ಬಂದನೋ, ಬಿಚ್ಚಲು ಬಂದನೋ?
ಹಗಲೆಲ್ಲ ಸದನದ ಪ್ರಶ್ನೆಗೆ ಬೆವರಿ
ರಾತ್ರಿ ಮೂರು ಪಕ್ಷಗಳ ಬಾಗಿಲು ತಟ್ಟಿ ಬಂದವರು.
ತಿರುಪಿಗೂ ತಿರುಪೆಗೂ ಅರ್ಧ ಸುತ್ತಿನ ದೂರ.
ಬಿಚ್ಚುವ ದಿನ ಒಬ್ಬರು ತಾವೇ ಏಣಿ ಹಿಡಿದರು,
ತಗಡನ್ನು ಪೇಪರಿನಲ್ಲಿ ಸುತ್ತಿಕೊಂಡು ಟ್ರಾಲಿಬಸ್ ಹತ್ತಿದರು.
ಟಿಕೆಟ್ಟಿಗೆ ಚಿಲ್ಲರೆ ಕೊಟ್ಟವನು ನಾನು.

ನಾಲ್ಕು ತಿರುಪಿನವರನ್ನು ನಾನು ಕಂಡೇ ಇಲ್ಲ.
ಅವರ ಹೆಸರು ಒರೆಸುವಾಗ ಕಂಡದ್ದು ನನ್ನದೇ ಮುಖ,
ಹಳದಿ, ಸೊಟ್ಟ.

ಹೆಂಡತಿ ಬುರುಲ್ ಇದನ್ನೆಲ್ಲ ಒಪ್ಪುವುದಿಲ್ಲ.
‘ನಮ್ಮ ಓಣಿಯ ಬಿಸಿನೀರಿನ ಕೊಳವೆ ನೋಡು.
ಒಬ್ಬ ಅಗೆಸಿದ, ಇನ್ನೊಬ್ಬ ಅಳೆಸಿದ,
ಮೂರನೆಯವನು ಬರುವಷ್ಟರಲ್ಲಿ ಹಿಮ ಮುಚ್ಚಿತು.
ಒಬ್ಬನೇ ಇರಲಿ ಮಾರಾಯ,
ಬೈಯುವುದಕ್ಕಾದರೂ ಒಂದು ವಿಳಾಸ ಬೇಡವೇ?’
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಾಲು ತಣ್ಣಗಿದೆ.

ಆದರೆ ಜನ ಬೇಲಿ ಹಾರಿದ ರಾತ್ರಿಯ ಮರುದಿನ
ಸುಣ್ಣ, ಮರಳು ಹೊತ್ತು ಹೋದವನು ನಾನೇ.
ಎರಡು ತಿರುಪಿನದನ್ನು ನಾಣ್ಯದ ಅಂಚಿನಿಂದ ಬಿಚ್ಚಬಹುದು.
ನಾಲ್ಕು ತಿರುಪಿನದಕ್ಕೆ ಹಾರೆ ಬೇಕಾಯಿತು;
ಫಲಕ ಬಂತು, ಜೊತೆಗೆ ಗೋಡೆಯೂ ಬಂತು.
ಇಟ್ಟಿಗೆಯ ಸಂದಿಯಲ್ಲಿ ಯಾರದೋ ಕೈಗವಸು ಸಿಕ್ಕಿತ್ತು,
ಎಡಗೈಯದು, ಚಿಕ್ಕ ಹುಡುಗನದು.
ಅದನ್ನು ತೆಗೆದೇ ಗಾರೆ ಮೆತ್ತಿದೆ.

ಈಗ ಮತ್ತೆ ಆರ್ಡರ್ ಬಂದಿದೆ.
ಬೆರಳು ದಪ್ಪ. ನಾಲ್ಕು ಮೂಲೆ. ಗೇಣುದ್ದ.
‘ಪ್ರಧಾನಿ’ ಅಚ್ಚನ್ನು ಕರಗಿಸಿಲ್ಲ,
ಸಮೊವಾರ್ ಅಲುಗದಂತೆ ಅದರಡಿ ಇಟ್ಟಿದ್ದೇನೆ.
ಇವತ್ತು ಬೆಳಿಗ್ಗೆ ಏಣಿ ಹತ್ತಿ ಮೂರು ತಿರುಪು ಬಿಗಿದೆ.
ನಾಲ್ಕನೆಯದು ಬಿದ್ದದ್ದು ಹಳೆಯ ತೂತಿಗೆ.
ಸುತ್ತಿದೆ, ಸುತ್ತಿದೆ, ಸುತ್ತುತ್ತಲೇ ಇದೆ, ಹಿಡಿಯಲೊಲ್ಲದು.
ಕೆಳಗೆ ನಿಂತ ಕಾವಲಿನ ಹುಡುಗ ಕೇಳಿದ:
‘ಬಿಗಿಯಾಯಿತಾ, ಅಜ್ಜಾ?’

ಆಯಿತು ಅಂದೆ.