ಪುಟ ಅರವತ್ತೊಂದು

ಅರಸೀಕೆರೆಯಲ್ಲಿ, ರೈಲ್ವೆ ಗೇಟಿನ ಈಚೆ,
ಮದುವೆ ಕಾರ್ಡು, ಕೊಬ್ಬರಿ ಮಂಡಿಯ ಬಿಲ್‌ಬುಕ್ಕು,
ತಿಥಿ ಪತ್ರ.
ಇಷ್ಟೇ ನನ್ನ ಪ್ರೆಸ್ಸಿನ ಸಾಹಿತ್ಯ.

ಆ ವರ್ಷ ಒಂದು ಪುಸ್ತಕ ಬಂತು.
ಸರ್ವೆ ಇಲಾಖೆಯಿಂದ ರಿಟೈರಾದ ಗುರುಶಾಂತಪ್ಪ
ಊರವರ ಜಮೀನು ಅಳೆದು ಸಾಕಾಗಿ
ತಮ್ಮ ವಂಶ ಅಳೆಯಲು ಕೂತಿದ್ದರು.
ಕೋಡಿಮನೆಯವರ ಚರಿತ್ರೆ, ಏಳು ತಲೆಮಾರು,
ಇನ್ನೂರು ಪ್ರತಿ, ಗಟ್ಟಿ ರಟ್ಟು.
ಹಳೇ ಪಹಣಿ, ಶಾಲೆಯ ದಾಖಲಾತಿ,
ಗದ್ದಿಗೆ ಕಲ್ಲಿನ ಅಕ್ಷರಕ್ಕೆ ಸೀಮೆಸುಣ್ಣ ಬಳಿದು
ತೆಗೆದ ಫೋಟೋ,
ಸಾಲದ್ದಕ್ಕೆ ಹೆಳವರ ಕೆಂಚಪ್ಪ.

ಕೆಂಚಪ್ಪ ಎತ್ತಿನ ಮೇಲೆ ಬರಲಿಲ್ಲ,
ಟೀವಿಎಸ್ಸಲ್ಲಿ ಬಂದ.
ರೆಗ್ಸಿನ್ ಚೀಲದಿಂದ ಅಜ್ಜನ ಕಾಲದ ಪುಸ್ತಕ ತೆಗೆದು
ಕಟಿಂಗ್ ಮಿಷನ್ನಿನ ಪಕ್ಕ ಕೂತು
ರಾಗವಾಗಿ ಹೇಳುತ್ತ ಹೋದ:
ಮೂಲಪುರುಷ ಮರುಳಪ್ಪ, ಅವನ ಮಕ್ಕಳು ಮೂವರು,
ಬರ ಬಿದ್ದ ವರ್ಷ ಬಾಣಾವರದ ಕಡೆಯಿಂದ
ಒಂದು ಕುಂಟ ಹೋರಿ, ಎರಡು ಸೇರು ಸಾವೆ ಹಿಡಿದು ಬಂದವರು...
ಶಿವನಂಜಪ್ಪನ ಹತ್ತಿರ ಬಂದಾಗ
ಕೆಮ್ಮು ಬಂತು ಅವನಿಗೆ.
ನೀರು ಕುಡಿದು, ಗುರುಶಾಂತಪ್ಪನವರ ಮುಖ ನೋಡಿ,
ಮುಂದಿನ ಕವಲಿಗೆ ಹಾರಿದ.
ಬರೀ ಕೆಮ್ಮು, ಅಂದುಕೊಂಡೆ.
ಕೊಟ್ಟದ್ದನ್ನು ಟೈಪು ಮಾಡಿದೆ:
ಶಿವನಂಜಪ್ಪ, ನಿಸ್ಸಂತಾನ.

ನಾಲ್ಕು ಸಲ ಪ್ರೂಫು ನೋಡಿದರು ಗುರುಶಾಂತಪ್ಪ.
ಇನಿಷಿಯಲ್ಲಿನ ಚುಕ್ಕಿಗೂ ಜಗಳ.
ಅಚ್ಚಾದ ಮೇಲೂ ಒಂದು ಚೀಟಿ ಅಂಟಿಸಿದೆವು,
ತಪ್ಪು, ಒಪ್ಪು, ಹನ್ನೊಂದು ಸಾಲು.
ಅರವತ್ತೊಂದನೇ ಪುಟದ್ದು ಅದರಲ್ಲಿಲ್ಲ.
ಬಿಡುಗಡೆಗೆ ಶಾಲು, ಹಾರ, ಕೇಸರಿಬಾತು.

ಮೂರು ತಿಂಗಳಾದ ಮೇಲೆ
ಒಬ್ಬ ಮನುಷ್ಯ, ಐವತ್ತು ದಾಟಿದವನು,
ಕಾಯಿ ಸುಲಿದು ಸುಲಿದು ಅಂಗೈ ಕಪ್ಪಾದವನು,
ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ.
ಪ್ರೆಸ್ಸಿಗೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ.
"ಕೋಡಿಮನೆ ಬುಕ್ಕು ಐತಂತಲ್ಲ ಸಾ, ಒಂದು ಬೇಕು."
ಮುನ್ನೂರೈವತ್ತು ಎಣಿಸಿಟ್ಟ.
ಅಲ್ಲೇ ನಿಂತು ಬೆರಳಿಟ್ಟು ಓದಿದ,
ಒಂದು ಕಡೆ
ಬೆರಳು ನಿಂತಿತು.
ಬಹಳ ಹೊತ್ತು.

"ನಮ್ಮಪ್ಪ," ಅಂದ.
"ಅವ್ವ ಗಂಗಹುಚ್ಚಮ್ಮ, ಗಾಣದ ಹಿಂದ್ಲ ಮನೆ.
ತಾಳಿ ಕಟ್ಟಿರ್ಲಿಲ್ಲ.
ಸಂತೆ ದಿನ ಬರೋರು, ನನ್ನ ಹೆಗಲ ಮ್ಯಾಲೆ ಕೂರಿಸ್ಕೊಂಡು
ರೈಲು ತೋರ್ಸೋರು.
ಜಗಳಕ್ಕೆ ಬಂದಿಲ್ಲ ಸಾ, ಆಸ್ತೀನೂ ಬ್ಯಾಡ.
ಅವರ ಹೆಸರು ಅಚ್ಚಾಗೈತಾ ನೋಡವ ಅಂತ.
ಐತೆ. ಸಾಕು."

ಪಕ್ಕದ ಪದದ ಅರ್ಥ ಅವನು ಕೇಳಲಿಲ್ಲ.
ಆ ಪದದ ಸುಳ್ಳು
ನನ್ನೆದುರೇ ನಿಂತು ಬೆವರು ಒರೆಸಿಕೊಳ್ಳುತ್ತಿತ್ತು.

ಟೀ ತರಿಸಿದೆ.
ಹಳೇ ಕಂಪೋಸಿಟರ್ ನಾನು,
ಮೊಳೆ ಜೋಡಿಸುವ ಕಾಲದಲ್ಲಿ
ತಪ್ಪು ಅಕ್ಷರವನ್ನು ಚಿಮಟದಲ್ಲಿ ಕಿತ್ತವನು.
ಅವನ ಪ್ರತಿ ಈಸಿಕೊಂಡು
ಹೊಸ ಬ್ಲೇಡು ಅರ್ಧ ಮುರಿದು
ಮೊದಲು ‘ನಿ’ ಕೆರೆದೆ.
ಆಮೇಲೆ ‘ಸ’ದ ಕೆಳಗೆ ಜೋತುಬಿದ್ದ ಒತ್ತು.
ಅಷ್ಟೇ. ಉಳಿದದ್ದು
ಶಿವನಂಜಪ್ಪ, ಸಂತಾನ,
ಮತ್ತೆ ಸಾಲು ಮುಗಿಯುವ ತನಕ ಖಾಲಿ ಜಾಗ.

ಪೆನ್ನು ಕೊಟ್ಟೆ. ಬರೆಯಲಿಲ್ಲ.
"ಮಗಳವ್ಳೆ ಮನೇಲಿ, ಅವಳ ಅಕ್ಷರ ದುಂಡಗವೆ" ಅಂದು
ಪುಸ್ತಕ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟ.
ಹೆಸರು ಕೇಳಲು ನನಗೂ ಮರೆತಿತ್ತು.

ಮೂರು ಪ್ರತಿ ಲೈಬ್ರರಿಗೆ ಹೋಗಿವೆ,
ಮಿಕ್ಕವು ಬೀಗರ ಬೀರುಗಳಿಗೆ.
ಮುಂದೊಂದು ದಿನ ಯಾರೋ, ಬೇರು ಕೆದಕುವ ಚಟದವರು,
ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು
ಯಾವುದು ಸರಿ ಎಂದು ತಲೆ ಕೆಡಿಸಿಕೊಳ್ಳಲಿ.
ಹಾಳೆಯನ್ನು ಬೆಳಕಿಗೆ ಹಿಡಿಯಲಿ.
ಕೆರೆದ ಜಾಗ ತೆಳ್ಳಗಾಗಿ
ಹಿಂದಿನ ಪುಟದ ಗುರುಶಾಂತಪ್ಪನವರ ಹೆಸರು
ಅಲ್ಲಿ ಉಲ್ಟಾ ಕಾಣುತ್ತದೆ.