ಘೋಷಿಸಿದೆ, ಬಳಸಿಲ್ಲ

ಬೈತಖೋಲದ ಐಸ್ ಫ್ಯಾಕ್ಟರಿಯ ಮೇಲೆ ನಮ್ಮ ಆಫೀಸು.
ಕೆಳಗೆ ಗಡ್ಡೆ ಒಡೆದಾಗಲೆಲ್ಲ
ಮೇಜಿನ ಮೇಲಿನ ಚಹಾದಲ್ಲಿ ಸಣ್ಣ ಅಲೆ.
ಬೋಟಿನ ಚುಕ್ಕಾಣಿಯ ಪಕ್ಕ ಹಸಿರು ಅಂಕಿ ಮಿನುಗಿಸುತ್ತ
ಭರತ ಇಳಿತ ಹೇಳುವ ಪೆಟ್ಟಿಗೆ ಇದೆಯಲ್ಲ,
ಅದರ ಹೊಟ್ಟೆಯೊಳಗಿನ ಮಾತು ಬರೆಯುವವಳು ನಾನು.
ನನಗಿಂತ ಮೊದಲು, ರೋಹಿದಾಸ ತಾಂಡೇಲ.

ಸೇರಿದ ಮೂರನೇ ದಿನ ಬಿಲ್ಡ್ ಕಡತ ತೆರೆದೆ.
ಸಾಲಿನ ಕೊನೆಗೆ ಒಂದು ಅಡ್ಡಗೆರೆ, ಒಂದೇ ಅಕ್ಷರ:
ಕಂಪೈಲರಿಗೆ, ಬಾಯಿ ಮುಚ್ಚಿಕೊಂಡಿರು ಎಂದು.
ಅಳಿಸಿದೆ, ಅಷ್ಟೇ.
ನಾಲ್ಕು ವರ್ಷ ಕಟ್ಟಿಸಿಕೊಂಡಿದ್ದ ಬಾಯಿ
ಎಂಟುನೂರ ನಲವತ್ತೇಳು ಸಲ ತೆರೆಯಿತು.

ಹುರುಪಿನಲ್ಲಿ ಆಜ್ಞೆ ಹೊರಡಿಸಿದೆ:
ಇನ್ನು ಎಚ್ಚರಿಕೆಯೆಂದರೆ ತಪ್ಪೇ. ಒಂದಿದ್ದರೂ ಬಿಲ್ಡ್ ಇಲ್ಲ.
ಬಿಲ್ಡ್ ಆಗಲೇ ಇಲ್ಲ.
ಮಾಜಾಳೀಕರರು ಬಾಗಿಲಲ್ಲಿ ನಿಂತು
ನಾಡಿದ್ದು ಹದಿನೈದು ಪೆಟ್ಟಿಗೆ ಹೋಗಬೇಕು ಬಾಯಿ,
ಶಿಸ್ತು ಆಮೇಲೆ, ಎಂದರು.

ಧಕ್ಕೆಯಲ್ಲಿ ಕುಸುಮಾಬಾಯಿ ಬಲೆ ಹೆಣೆಯುತ್ತಾಳೆ,
ಬೆರಳ ಗೆಣ್ಣಿಟ್ಟು ಕಣ್ಣು ಅಳೆಯುತ್ತ.
ಇನ್ನೂ ಸಣ್ಣ ಕಣ್ಣು ಯಾಕಿಲ್ಲ ಎಂದು ಕೇಳಿದೆ.
ಸಣ್ಣದಾದರೆ ಮೀನು ಹೆಚ್ಚಲ್ಲ, ಭಾರ ಹೆಚ್ಚು.
ಎಳೆಯುವ ತೋಳು ಯಾರದು, ನಿನ್ನದಾ?
ಅವಳು ಹೇಳಿದ್ದು ಬಲೆಯ ಮಾತೇ.

ಹಿಂತಿರುಗಿ ನಿಯಮಗಳನ್ನು ಒಂದೊಂದಾಗಿ ಬಿಡಿಸಿದೆ.
ಪರದೆ ಕಂಪನಿಯವರ ಕಡತ ಬೇರೆ ಗೂಡಿಗೆ: ಅಲ್ಲಿ ಇಣುಕಬೇಡ.
ಖಾಲಿ ಜಾಗದ ತಕರಾರು, ಉದ್ದ ಸಾಲಿನ ತಕರಾರು, ಹೋಗಲಿ.
ಹೊಸದಾಗಿ ಬರೆದದ್ದಕ್ಕೆ ಮಾತ್ರ ಪೂರ್ತಿ ಬಿಗಿ.
ವಿನಾಯಿತಿ ಬೇಕೆಂದವರು ಪಕ್ಕದಲ್ಲಿ ಕಾರಣ ಬರೆಯಬೇಕು,
ನಾನೂ ಸೇರಿ.

ಮುನ್ನೂರ ಹನ್ನೊಂದನೆಯದು ಗಂಟಲಲ್ಲಿ ಸಿಕ್ಕಿತು.
ಅಳಿವೆಯ ನೀರಿನಿಂದ ಬೋಟಿನ ಅಡಿ ಕಳೆಯುವ ಸಾಲು.
ಉತ್ತರ ಹಿಡಿಯುವ ಪಾತ್ರೆಗೆ ಋಣವೆಂಬುದೇ ಗೊತ್ತಿಲ್ಲ.
ಇಳಿತದ ದಿನ ಮೈನಸ್ ಹನ್ನೆರಡು ಸೆಂಟಿಮೀಟರ್ ಬಂದರೆ
ಅದು ಓದುವುದು ಅರವತ್ತೈದು ಸಾವಿರದ ಐನೂರ ಇಪ್ಪತ್ನಾಲ್ಕು.
ಕಾಳಿಯ ಬಾಯಲ್ಲಿ, ಮೊಣಕಾಲು ನೀರಿನಲ್ಲಿ,
ಆರುನೂರ ಐವತ್ತೈದು ಮೀಟರ್ ಆಳ!

ಹೋದ ವರ್ಷ ಪಾಂಡು ಅಂಬಿಗ
ಬೋಟನ್ನು ಮರಳದಿಣ್ಣೆಗೆ ಏರಿಸಿಬಿಟ್ಟಿದ್ದ.
ಕುಡಿದಿದ್ದ ಎಂದರು ಎಲ್ಲರೂ. ಮಾಲೀಕ ಬಿಡಿಸಿದ.
ಈಗ ಗೇಟಿನ ಬಳಿ ಐಸ್ ತೂಗುತ್ತಾನೆ.
ಇಳಿದುಹೋಗಿ ಹೇಳಿದೆ, ಹೇಗೆ ಹೇಳಿದೆನೋ.
ತಕ್ಕಡಿಯಿಂದ ಕಣ್ಣು ತೆಗೆಯದೆ ಅವನು,
ಹಾಗಾದರೆ ಅವತ್ತು ಕುಡಿದದ್ದು ನಿಮ್ಮ ಪೆಟ್ಟಿಗೆ.

ರಾತ್ರಿ ರೋಹಿದಾಸನಿಗೆ ಫೋನು.
ಈಗ ವಾಸ್ಕೋದಲ್ಲಿ ಡ್ರೆಜ್ಜರಿನ ಮೇಲಿದ್ದಾನೆ.
ಹಿಂದೆ ಯಂತ್ರದ ಗುಡುಗು. ಬಹಳ ಹೊತ್ತು ಸುಮ್ಮನಿದ್ದ.
ಕಾಣಿಸುತ್ತಿತ್ತು, ಎಂದ. ಹಳದಿ ಸಾಲು ಹರಿದುಹೋಗುವುದು
ದಿನಾ ಕಾಣಿಸುತ್ತಿತ್ತು.
ಹತ್ತಿದ್ದಾಗ ಓದಿದೆ. ನೂರಾದ ಮೇಲೆ
ಮಳೆ ಸದ್ದಿನ ಹಾಗೆ, ಕೇಳಿಸುವುದೇ ನಿಂತಿತು.
ಪಾಂಡುವಿನ ನಂಬರ್ ಕೊಡು, ಎಂದ.

ಕೊಟ್ಟೆ. ಇನ್ನೊಂದು ಕೇಳಬೇಕಿತ್ತು,
ಪರದೆಯ ಮೇಲೆಯೇ ಇತ್ತು ಅದು ಆಗ:
ಭರತದ ಕೋಷ್ಟಕದ ಕೆಳಗೆ ಒಂಟಿ ಹೆಸರು, ಮೋಗಾ.
ಕೊಂಕಣಿಯಲ್ಲಿ ಪ್ರೀತಿಯವರನ್ನು ಕರೆಯುವುದು ಹಾಗೆ.
ಬೆಲೆ ಹದಿನೇಳು. ಯಾವ ಲೆಕ್ಕಕ್ಕೂ ಸೇರಿಲ್ಲ.
ಎಚ್ಚರಿಕೆ: ಘೋಷಿಸಿದೆ, ಬಳಸಿಲ್ಲ.

ಉಳಿದವನ್ನು ಸರಿಪಡಿಸಲು ಗಣೇಶ ಚೌತಿ ದಾಟಿತು.
ಕೊನೆಗೆ ಉಳಿದದ್ದು ಇದೊಂದೇ.
ಒಂದು ಸಾಲು, ಅಳಿಸಿದರೆ ಯಾವ ಬೋಟೂ ಮುಳುಗುವುದಿಲ್ಲ.
ಅಳಿಸುವ ಕೀಲಿಯ ಮೇಲಿದ್ದ ಬೆರಳು ಅಲ್ಲೇ ತಣ್ಣಗಾಯಿತು.
ವಿನಾಯಿತಿ ಕೊಟ್ಟೆ. ಅದು ಕಾರಣ ಕೇಳಿತು, ನನ್ನದೇ ನಿಯಮ.
ಕಾರಣ ಇದೆಯೇ ಎಂದಷ್ಟೇ ನೋಡುತ್ತದೆ ಅದು,
ಏನೆಂದು ಓದುವುದಿಲ್ಲ.

ಬರೆದೆ: ಹದಿನೇಳು ಯಾಕೆಂದು ಅವನನ್ನು ಕೇಳಲಿಲ್ಲ.

ಬಿಲ್ಡ್ ಆಯಿತು. ಕೆಳಗೆ ಯಾರೋ
ಎರಡು ಗಡ್ಡೆ ಐಸಿಗೆ ಪಾಂಡುವನ್ನು ಕೂಗುತ್ತಿದ್ದರು.