ಹಿಂದೆ ನಿಂತು ಹಿಡಿದವಳು

ಗಣಿ ಮುಚ್ಚಿದ ಮೇಲೆ ಸೆಲೆಬಿ-ಫಿಕ್ವೆಯಲ್ಲಿ ಉಳಿದದ್ದು
ಹೊಗೆ ಬಿಡದ ಚಿಮಣಿ,
ಅದಿರಿನ ಲಾರಿಗಳ ಹಳೇ ಟ್ಯೂಬು,
ಮತ್ತೆ ಆ ಲಾರಿಗಳ ಟೈರು ಬಿಚ್ಚುತ್ತಿದ್ದ ಮೊದಿಸೆ, ಈಗ ನಮ್ಮ ಕೋಚು.

ಎರಡು ಬೆರಳಗಲಕ್ಕೆ ಟ್ಯೂಬು ಸೀಳಿದರು ಅವರು,
ಆಡಿನ ಚರ್ಮ ಬಿಡಿಸುವಷ್ಟು ಜತನದಲ್ಲಿ.
ಅಂಗಡಿಯ ಬ್ಯಾಂಡಿಗೆ ಬಣ್ಣ ಇರುತ್ತದಂತೆ,
ಹಳದಿ ಸಲೀಸು, ಕೆಂಪು ಬಿಗಿ.
ನಮ್ಮದು ಎಲ್ಲವೂ ಕಪ್ಪು.
ಎಷ್ಟು ಬಿಗಿಯೆಂದು ಎಳೆದವರನ್ನೇ ಕೇಳಬೇಕು.

ಒಂದು ತುದಿ ಕೆನೈಲ್ವೆಯ ಸೊಂಟಕ್ಕೆ,
ಇನ್ನೊಂದು ನನ್ನ ಮುಂಗೈಗೆ, ಎರಡು ಸುತ್ತು.
ನಾನು ಓಡುವವಳಲ್ಲ.
ನೂರು ಮೀಟರಿಗೆ ಹದಿನೈದು ಸೆಕೆಂಡು ನನ್ನ ಹಣೆಬರಹ.
"ದೇವರು ನಿನಗೆ ತೂಕ ಕೊಟ್ಟಿದ್ದಾನೆ ಮಸೆಗೊ, ಪೋಲು ಮಾಡಬೇಡ,"
ಎಂದು ಮೊದಿಸೆ ನನ್ನನ್ನು ಅವಳ ಬೆನ್ನಿಗೆ ನಿಲ್ಲಿಸಿದರು.
ನಗುವೂ ಬಂತು, ಅಳುವೂ.

ಜೂನ್ ಅಂದರೆ ನಮಗೆ ಚಳಿ.
ಬೆಳಗಿನ ಆರಕ್ಕೆ ರಬ್ಬರು ಒಣಗಿದ ಕರುಳಿನ ಹಾಗೆ ಸೆಟೆದಿರುತ್ತದೆ.
ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡುತ್ತೇನೆ,
ಅವಳು ಮೊಪಾನೆ ಮರಕ್ಕೆ ಕಟ್ಟಿದ ಬೇರೊಂದು ಪಟ್ಟಿಯಲ್ಲಿ
ಮಂಡಿ ಎತ್ತಿ ಎತ್ತಿ ಇಳಿಸುವಷ್ಟು ಹೊತ್ತು.
ಆಮೇಲೆ ಕಣಕಾಲಿಗೆ ಬಿಗಿದುಕೊಂಡು ಏಡಿಯ ನಡಿಗೆ,
ಆ ಗೆರೆಯಿಂದ ಈ ಗೆರೆಗೆ.
ಕತ್ತೆಗಳು ಟ್ರ್ಯಾಕು ದಾಟುತ್ತವೆ. ಕಾಯುತ್ತೇವೆ.

"ಹೂಂ" ಅನ್ನುತ್ತಾರೆ ಮೊದಿಸೆ.
ಅವಳು ಮುಂದಕ್ಕೆ ಬೀಳುತ್ತಾಳೆ. ಓಟ ಅಂದರೆ ಮೊದಲು ಬೀಳುವುದೇ.
ನಾನು ಹಿಂದಕ್ಕೆ ವಾಲುತ್ತೇನೆ, ಹಿಮ್ಮಡಿ ಕೆಂಪು ಮಣ್ಣಲ್ಲಿ ಗೀರುತ್ತಾ.
ಇಪ್ಪತ್ತು ಮೀಟರು. ನಡುವೆ ರಬ್ಬರು
ಉಸಿರು ಕಟ್ಟಿ ತೆಳ್ಳಗಾಗುತ್ತದೆ.
ಬಾವಿಗೆ ಬಿಟ್ಟ ಕೊಡ ನೀರು ಮುಟ್ಟಿದ್ದು
ಹಗ್ಗ ಹಿಡಿದ ಕೈಗೆ ಗೊತ್ತಾಗುವ ಹಾಗೆ
ನನಗೆ ಅವಳ ಹೆಜ್ಜೆ ಒಂದೊಂದೂ.
ಬಲ, ಎಡ, ಬಲ, ಎಡ.
ಬಲ ಎಳೆಯುತ್ತದೆ. ಎಡವೂ ಎಳೆಯುತ್ತದೆ.

ಆಗಸ್ಟಿನ ಒಂದು ಬೆಳಿಗ್ಗೆ ಎಡ ಎಳೆಯಲಿಲ್ಲ.

ಅಂದರೆ ಎಳೆಯಿತು, ಅಪ್ಪಣೆ ಕೇಳಿ ಎಳೆದ ಹಾಗೆ.
ಮೊದಿಸೆಯ ಗಡಿಯಾರಕ್ಕೆ ಕಾಣಲಿಲ್ಲ.
ಫ್ರಾನ್ಸಿಸ್‌ಟೌನಿನ ಕೂಟಕ್ಕೆ ಹನ್ನೊಂದು ದಿನ.
ಅವಳ ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಗ್ವಿನ್ಯಾ ಕರಿದು ಮಾರಿ
ಮುಳ್ಳಿನ ಬೂಟು ತಂದಿದ್ದಳು, ಒಂದು ನಂಬರು ದೊಡ್ಡದು.
ತುದಿಗೆ ಹತ್ತಿ ತುರುಕಿ ಹಾಕುತ್ತಿದ್ದಳು ಇವಳು.
ನಾನೇನು ಮಾಡಿದೆ?
ಎರಡು ಸುತ್ತನ್ನು ಒಂದು ಸುತ್ತು ಮಾಡಿದೆ.
ಮೈಯ ಭಾರವನ್ನು ಕದ್ದು ಮುಂದಕ್ಕೆ ತಂದೆ.
ಅವಳು ಹಾರಿದಳು. "ನೋಡು, ನೋಡು!" ಅಂದರು ಮೊದಿಸೆ.
ಹನ್ನೊಂದು ದಿನವೂ ನನ್ನ ಕೈ ಸುಳ್ಳು ಹೇಳಿತು.

ಫ್ರಾನ್ಸಿಸ್‌ಟೌನಿನಲ್ಲಿ ಅವಳ ಹಿಂದೆ ಯಾರೂ ಹಿಡಿದಿರಲಿಲ್ಲ.
ಅರುವತ್ತರ ಗೆರೆಯವರೆಗೆ ಎಲ್ಲರಿಗಿಂತ ಮುಂದೆ.
ಆಮೇಲೆ, ಮೆಟ್ಟಿಲ ಮೇಲೆ ಕೂತ ನನ್ನ ಮುಂಗೈಯಲ್ಲಿ
ಏನೋ ಪಟ್ಟನೆ ಹರಿಯಿತು.
ಅವಳು ತೊಡೆಯ ಹಿಂಬದಿ ಹಿಡಿದು ಕುಂಟಿದ್ದನ್ನು
ನಾನು ನೋಡಿದ್ದು ಅದರ ನಂತರ.

ಆರು ವಾರ ಕಳೆದವು.
ಮೊದಿಸೆ ಹೊಸ ಪಟ್ಟಿ ಸೀಳಿದರು, ಬೆರಳಿಗಿಂತ ಸಣ್ಣದು,
ಮಗುವಿನ ಉಡಿದಾರದಂಥದ್ದು.
ಕೆನೈಲ್ವೆ ತಮ್ಮ ಅಂಗಳದಲ್ಲಿ ಬೋರಲು ಮಲಗಿ
ಹಿಮ್ಮಡಿಗೆ ಅದನ್ನು ಸಿಕ್ಕಿಸಿ ಕಾಲು ಮಡಚಬೇಕು,
ಹತ್ತು ಸಲ, ಮತ್ತೆ ಹತ್ತು.
ಇನ್ನೊಂದು ತುದಿ ಕಟ್ಟಲು ಮರ ಇತ್ತು.
ಅವಳು ಮರ ಬೇಡ ಅಂದಳು.

ಕೂತೆ. ಹಿಡಿದೆ.
ಮೂರನೆಯದಕ್ಕೆ ಅವಳ ಕಾಲು ನಡುಗಿತು,
ನನ್ನ ಕೈ ತನ್ನಷ್ಟಕ್ಕೆ ತಾನೇ ಚೂರು ಮುಂದೆ ಹೋಯಿತು.
"ಮಸೆಗೊ," ಅಂದಳು, ಮುಖ ಚಾಪೆಗೆ ಒತ್ತಿಕೊಂಡೇ,
"ಆಗಲೂ ಹೀಗೇ ಬಿಟ್ಟೆ. ನನಗೆ ಗೊತ್ತಾಗಲಿಲ್ಲ ಅಂದುಕೊಂಡೆಯಾ?
ರಬ್ಬರಿಗೆ ಎರಡು ತುದಿ.
ನಾನೂ ಸುಮ್ಮನಿದ್ದೆ."

ಬಿಸಿಲಿಗೆ ಹರವಿದ ಜೋಳವನ್ನು ಕೋಳಿಯೊಂದು ಕುಕ್ಕುತ್ತಿತ್ತು.
ಓಡಿಸಲು ಇಬ್ಬರೂ ಏಳಲಿಲ್ಲ.
ಮುಂಗೈಗೆ ಒಂದು ಸುತ್ತು ಹಾಕಿದೆ.
ಇನ್ನೊಂದು.
"ನಾಲ್ಕು," ಅಂದಳು.